ಗೋಣಿರಾಯನ ಕೋಟು

ನಮ್ಮ ಅಂಗಡಿಗೆ ಹೊಲಿಗೆ ಕಲಿಯಲು ಬಂದವರಿಗೆ ಮೊದಲ ದಿನ ಸೂಜಿ ಕೊಡುವುದಿಲ್ಲ, ಗೋಣಿರಾಯನ ಮುಂದೆ ನಿಲ್ಲಿಸುತ್ತೇವೆ. ಗೋಣಿರಾಯ ಎಂದರೆ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ನಿಂತಿರುವ ಒಬ್ಬ ಸಿಪಾಯಿ. ಅಂಗೈಯಗಲದ ಫೋಟೋ. ಅವನು ತೊಟ್ಟಿರುವುದನ್ನು ಕೋಟು ಎಂದು ಕರೆದರೆ ನಮ್ಮ ಕಸುಬಿಗೇ ಅವಮಾನ. ಭುಜದ ಹೊಲಿಗೆ ತೋಳಿನ ಮೇಲೆ ನಾಲ್ಕು ಬೆರಳು ಇಳಿದಿದೆ, ಎದೆಯ ಮುಂದೆ ಎರಡು ಹಿಡಿ ಬಟ್ಟೆ ಹೆಚ್ಚು, ತೋಳಿನ ತುದಿ ಬೆರಳನ್ನೆಲ್ಲ ನುಂಗಿದೆ, ಕಾಲರು ಕತ್ತಿನ ಜೊತೆ ಜಗಳವಾಡಿದಂತೆ ದೂರ ನಿಂತಿದೆ. "ಇದ್ರಲ್ಲಿ ಎಷ್ಟು ತಪ್ಪಿದೆ, ಎಣಿಸು" ಎಂದು ಅತ್ತೆ ಕೇಳುತ್ತಾಳೆ. ಒಂಬತ್ತು ಹುಡುಕಿದವರಿಗೆ ಮಾತ್ರ ಸೂಜಿ. ನಾನು ಏಳೇ ಹುಡುಕಿ ಮೂರು ದಿನ ಬರಿಗೈಯಲ್ಲಿ ಕೂತಿದ್ದೆ. ಈಗ ನನಗೆ ಐವತ್ಮೂರು, ಅಂಗಡಿ ನಡೆಸುವವಳೂ ನಾನೇ, ಆದರೂ ಆ ಸಿಟ್ಟು ಇಳಿದಿಲ್ಲ.

ಗೋಣಿರಾಯನ ಎಡಗಿವಿಯ ಹಾಲೆ ಸೀಳಿಹೋಗಿದೆ. "ಈ ಕೋಟು ನೋಡಿ ಯಾವನೋ ದರ್ಜಿ ಕಿವಿ ಹಿಡ್ದು ಎಳೆದಿರ್ಬೇಕು" ಎಂಬುದು ಕಾಜಾ ಮಾವನ ಜೋಕು. ಕಾಜಾ ಮಾವ ನಮಗೆ ಸಂಬಂಧಿಕನೇನಲ್ಲ. ನಲವತ್ತು ವರ್ಷದಿಂದ ಫೋಟೋದ ಕೆಳಗೆ ಕೂತು ಕಾಜಾ ಹೊಲಿಯುತ್ತಿದ್ದಾನೆ, ಗುಂಡಿ ತೂರಿಸುವ ತೂತುಗಳಿಗೆ ಅಂಚು ಕಟ್ಟುವುದು ಬಿಟ್ಟರೆ ಬೇರೆ ಕೆಲಸ ಮುಟ್ಟುವುದಿಲ್ಲ. ಜೋಕೂ ನಲವತ್ತು ವರ್ಷದ್ದೇ. ಹೊಸಬರು ಈಗಲೂ ನಗುತ್ತಾರೆ, ನಾವೂ ಜೊತೆಗೆ ನಗುತ್ತೇವೆ.

ಆ ಫೋಟೋ ಹಾಕಿದ್ದು ನನ್ನ ಮುತ್ತಾತ. ಎಲ್ಲರೂ ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತೇವೆ. ಅಂಗಡಿ ಕಟ್ಟಿದವರು ಅವರು, ನಿಯಮಗಳನ್ನು ಮಾಡಿದವರೂ ಅವರೇ. ಅಳತೆ ತೆಗೆದವರು ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ಪುಸ್ತಕದಲ್ಲಿ ಬರೆಯಬೇಕು, ಕೊನೆಗೆ ಬಟ್ಟೆ ಯಾರದ್ದು ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳಬೇಕು. ಆ ಖಾನೆ ತುಂಬದೆ ಕತ್ತರಿ ಬಟ್ಟೆಗೆ ತಾಗಬಾರದು. ಇದು ಇವತ್ತಿಗೂ ನಡೆಯುತ್ತದೆ. ಗೋಣಿರಾಯನ ಗಾಜನ್ನು ಮಾತ್ರ ಅವರು ಬೇರೆಯವರಿಗೆ ಒರೆಸಲು ಬಿಡುತ್ತಿರಲಿಲ್ಲವಂತೆ. ಗೋಡೆಗೆ ಸುಣ್ಣ ಬಳಿಯುವ ದಿನ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರಂತೆ. ಪಾಠ ಹೇಳುವ ಫೋಟೋಗೂ ಎಂಥ ಮರ್ಯಾದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವರು.

ಇನ್ನು ಅತ್ತೆ. ನಮ್ಮಪ್ಪನ ಅಕ್ಕ, ಎಂಬತ್ನಾಲ್ಕು ವಯಸ್ಸು. ಮದುವೆಯಾಗಲಿಲ್ಲ. ಕೇಳಿದರೆ "ನನ್ನ ಅಳತೆಗೆ ಸರಿಹೋಗೋರು ಸಿಗ್ಲಿಲ್ಲ" ಎನ್ನುತ್ತಾಳೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಅವಳು ಕಪ್ಪು ಬಟ್ಟೆಗೆ ನೀಲಿ ದಾರ ಹಾಕಿದಳು. ಅವಳ ಕೈಯಲ್ಲಿ ಅಂಥ ತಪ್ಪು ನಡೆದದ್ದನ್ನು ನಾನು ಕಂಡೇ ಇರಲಿಲ್ಲ. ಜಗಳವಾಡಿ, ದಬಾಯಿಸಿ, ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆ, ಅಂಚಿನಲ್ಲಷ್ಟೇ ನೋಟ ಉಳಿದಿದೆ, ಅದೂ ಆರು ತಿಂಗಳು ಇದ್ದರೆ ಹೆಚ್ಚು ಎಂದರು ವೈದ್ಯರು. ಆಗಲೇ ಅವಳು ಏನನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ತಲೆ ಓರೆ ಮಾಡುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಬಂದೆವು. ಇಳಿಯುವ ಜಾಗ ಬಂದಾಗ ನನ್ನ ಮೊಣಕೈ ಹಿಡಿದಳು.

"ನಂಗೊಂದು ಆಸೆ ಇದೆ ಕಣೆ. ನಗಬಾರ್ದು."

"ನಗಲ್ಲ, ಹೇಳು."

"ಕಣ್ಣು ಪೂರ್ತಿ ಹೋಗೋದ್ರೊಳಗೆ ಅಪ್ಪನ ಮುಖ ನೋಡ್ಬೇಕು."

ನನಗೆ ನಗು ಬರಲಿಲ್ಲ. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಎರಡನೇ ಮಹಾಯುದ್ಧಕ್ಕೆ ಹೊರಟಾಗ ಅವಳಿಗೆ ಎರಡು ವರ್ಷ. ನಮ್ಮಪ್ಪ ಇನ್ನೂ ಹೊಟ್ಟೆಯಲ್ಲಿದ್ದ. ಹೆರಿಗೆಯಾದ ಮೂರನೇ ದಿನ ಅಜ್ಜಿ ಹೋಗಿಬಿಟ್ಟಳು. ಎರಡು ಮಕ್ಕಳನ್ನೂ ಸಾಕಿದ್ದು ದೊಡ್ಡ ಮೇಸ್ತ್ರಿ. ಅಜ್ಜ ತಿರುಗಿ ಬರಲಿಲ್ಲ. ಸತ್ತನೋ, ಎಲ್ಲಾದರೂ ಬೇರೆ ಸಂಸಾರ ಹೂಡಿದನೋ, ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬೀದಿಯವರು ಮಾತ್ರ ಎರಡನೆಯದನ್ನೇ ಆಡಿಕೊಂಡರು. ಮನೆಯಲ್ಲಿ ಅವನ ಒಂದೇ ಒಂದು ಫೋಟೋ ಇರಲಿಲ್ಲ. ಹೊರಟಾಗ ಅವನಿಗೆ ಇಪ್ಪತ್ನಾಲ್ಕು, ನನ್ನ ಮಗಳಿಗಿಂತ ಚಿಕ್ಕವನು. ಅಂಥವನನ್ನು ಅಜ್ಜ ಎನ್ನಲು ನನಗೇ ಒಂಥರಾ ಸಂಕೋಚ.

"ನೋಡ್ತೀಯ" ಎಂದೆ. "ನಾನಿದ್ದೀನಲ್ಲ, ಹುಡುಕ್ತೀನಿ." ನನ್ನ ಜಾಯಮಾನವೇ ಹಾಗೆ, ಬಾಯಿ ಮೊದಲು, ಯೋಚನೆ ಆಮೇಲೆ.

ಸೈನ್ಯದ ಹಳೆಯ ದಾಖಲೆಗಳನ್ನು ಇಟ್ಟಿರುವ ಕಚೇರಿಗೆ ಹೋದ ಮೊದಲ ದಿನವೇ ಬಾಗಿಲಲ್ಲಿ ನಿಲ್ಲಿಸಿದರು. ನನ್ನ ಭುಜದ ಮೇಲೆ ಯಾವಾಗಲೂ ಸಾಲಾಗಿ ಗುಂಡುಸೂಜಿ ಚುಚ್ಚಿರುತ್ತೇನೆ, ಕೊರಳಲ್ಲಿ ಅಳತೆ ಪಟ್ಟಿ ಇರುತ್ತದೆ, ನನಗದರ ಪರಿವೆಯೇ ಇರುವುದಿಲ್ಲ. ಓದುವ ಕೋಣೆಯ ಗುಮಾಸ್ತ ಒಂದು ತಟ್ಟೆ ಮುಂದೆ ಚಾಚಿದ. ದಪ್ಪ ಕನ್ನಡಕ, ಮೆದು ಮಾತು.

"ಕಾಗದಕ್ಕೆ ತಾಗೀತು ಮೇಡಂ. ಸೂಜಿ, ಪೆನ್ನು ಒಳಗೆ ಬಿಡಲ್ಲ."

ಹದಿನಾಲ್ಕು ಸೂಜಿ ತೆಗೆದಿಟ್ಟೆ. ಮೈಮೇಲೆ ಬಟ್ಟೆಯೇ ಇಲ್ಲದ ಹಾಗಾಯಿತು. ಅವನ ಕೋಟಿನ ಬೆನ್ನಿನ ಹೊಲಿಗೆ ಅರ್ಧ ಇಂಚು ವಾಲಿತ್ತು. ಹೇಳಬಾರದೆಂದು ತುಟಿ ಕಚ್ಚಿಕೊಂಡೆ.

"ಸೈನಿಕನ ಸಂಖ್ಯೆ?" ಎಂದ.

"ಗೊತ್ತಿಲ್ಲ. ಹೆಸರು ಗೊತ್ತು."

ಹೆಸರು ಬರೆದುಕೊಂಡು ಒಳಗೆ ಹೋದವನು ಮುಕ್ಕಾಲು ಗಂಟೆ ಬಿಟ್ಟು ಬಂದ, ಹಿಂದೆ ಒಂದು ತಳ್ಳುಗಾಡಿ. "ಇದೇ ಹೆಸರಿನೋರು ಇನ್ನೂರ ಹನ್ನೆರಡು ಜನ ಇದ್ದಾರೆ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಜ್ಜನ ಮೇಲೂ ಸಿಟ್ಟು ಬಂತು, ಇಂಥ ಹೆಸರಿಟ್ಟ ದೊಡ್ಡ ಮೇಸ್ತ್ರಿಯ ಮೇಲೂ. ಕೂತರೆ ಆಗುತ್ತದೆಯೇ? ಒಂದೊಂದೇ ಚೀಟಿ ತೆಗೆದೆ. ಹಳದಿ ರಟ್ಟು, ಮಾಸಿದ ಶಾಯಿ. ಪ್ರತಿಯೊಂದರಲ್ಲೂ ಕಸುಬು ಎಂಬ ಖಾನೆ ಇತ್ತು. ರೈತ, ಕೂಲಿ, ಕೂಲಿ, ರೈತ, ಚಾಲಕ, ಕೂಲಿ, ಅಡುಗೆಯವನು. ನಾಲ್ಕು ದಿನ ಹೋದೆ. ಗಿರಾಕಿಗಳು ಬೈದರು, ಕಾಜಾ ಮಾವ ಗೊಣಗಿದ. ನಾಲ್ಕನೇ ದಿನ ಮಧ್ಯಾಹ್ನ, ನೂರ ಎಂಬತ್ತೇಳನೇ ಚೀಟಿ. ಕಸುಬು: ದರ್ಜಿ.

ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಹತ್ತಿರದ ಸಂಬಂಧಿ: ತಂದೆ, ದರ್ಜಿ. ವಿಳಾಸ: ಗಡಿಯಾರ ಗೋಪುರದ ಹಿಂದೆ, ನೀಲಿ ಬಾಗಿಲಿನ ಅಂಗಡಿ.

"ನಮ್ಮ ಬಾಗ್ಲು! ಅಯ್ಯೋ ದೇವರೇ, ನಮ್ಮ ಬಾಗ್ಲು ಕಣ್ರೀ ಇದು!" ಎಂದು ಕಿರುಚಿಬಿಟ್ಟೆ. ಓದುವ ಕೋಣೆಯಲ್ಲಿ ಉಸಿರಾಡುವುದಕ್ಕೂ ಹೆದರಿ ಕೂತಿದ್ದ ಏಳು ಜನ ತಲೆ ಎತ್ತಿದರು. ಆ ಬಾಗಿಲು ಇವತ್ತಿಗೂ ನೀಲಿಯೇ. ಹಸಿರು ಬಳಿಸೋಣ ಎಂದಾಗಲೆಲ್ಲ ಅತ್ತೆ ಬಿಡುತ್ತಿರಲಿಲ್ಲ.

ಗುಮಾಸ್ತ ಬೈಯಲು ಬಂದವನು ಚೀಟಿ ನೋಡಿ ತಾನೂ ನಕ್ಕ. ಎತ್ತರ ಐದು ಅಡಿ ನಾಲ್ಕು ಇಂಚು. ಎದೆ ಮೂವತ್ಮೂರು. ಸರಬರಾಜು ದಳ. ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ, ಸೇರಿದ ಎರಡನೇ ವರ್ಷ, ಶಿಬಿರದ ಆಸ್ಪತ್ರೆಯಲ್ಲಿ ಜ್ವರದಿಂದ ಮರಣ. ಚೀಟಿಗೆ ಒಂದು ಹಾಳೆ ಪೋಣಿಸಿತ್ತು: ತೀರಿಕೊಂಡವನ ವಸ್ತುಗಳು. ಒಂದು ಕತ್ತರಿ, ಒಂದು ಸಣ್ಣ ಕನ್ನಡಿ, ಒಂದು ಫೋಟೋ. ಯುದ್ಧ ಮುಗಿದ ಮೇಲೆ ತಂದೆಗೆ ತಲುಪಿಸಲಾಗಿದೆ. ಕೆಳಗೆ ದೊಡ್ಡ ಮೇಸ್ತ್ರಿಯ ರುಜು. ಅಳತೆ ಪುಸ್ತಕಗಳಲ್ಲಿ ಸಾವಿರ ಸಲ ನೋಡಿದ ರುಜು ಅದು, ನನಗೆ ಗುರುತು ಸಿಗದೇ ಇರುತ್ತದೆಯೇ?

ಎಂಬತ್ತು ವರ್ಷದ ಹಿಂದೆ ಸತ್ತವನು, ನಾನು ಕಂಡವನೂ ಅಲ್ಲ, ಆದರೂ ಆ ಕ್ಷಣಕ್ಕೇ ಹೋದಂತೆ ಅನ್ನಿಸಿ ಕಣ್ಣೀರು ಸುರಿಯಿತು. ಗುಮಾಸ್ತ ಮೊದಲು ಚೀಟಿಯನ್ನು ದೂರ ಸರಿಸಿ ಆಮೇಲೆ ಕರವಸ್ತ್ರ ಕೊಟ್ಟ. ಚೀಟಿಯ ಹಿಂದೂ ಮುಂದೂ ಮೊಬೈಲಿನಲ್ಲಿ ತೆಗೆದುಕೊಂಡು ಬಸ್ಸಿಗೆ ಓಡಿದೆ.

ಅತ್ತೆ ಇಸ್ತ್ರಿ ಮಾಡುತ್ತಿದ್ದಳು. ಬಾಗಿಲಲ್ಲೇ ಎಲ್ಲವನ್ನೂ ಒದರಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು.

"ಹಾಗಾದ್ರೆ ಓಡಿಹೋಗ್ಲಿಲ್ಲ."

"ಇಲ್ಲ ಅತ್ತೆ. ಜ್ವರ ಬಂದು ಹೋದ."

"ಬೇರೆ ಸಂಸಾರ ಇರ್ಲಿಲ್ಲ."

"ಇರ್ಲಿಲ್ಲ."

ಕಣ್ಣೊರೆಸಿಕೊಂಡು, ತಟ್ಟನೆ ಎದ್ದಳು. "ಒಂದು ಫೋಟೋ ಅಂದ್ಯಲ್ಲ? ತಾತಂಗೆ ಕೊಟ್ಟಿದ್ದಾರೆ ಅಂದ್ಯಲ್ಲ? ಹಾಗಾದ್ರೆ ಅದು ಈ ಮನೇಲೇ ಇರ್ಬೇಕು. ನಮ್ಮ ತಾತ ಹರಕು ದಾರ ಎಸೆದೋನಲ್ಲ!"

ಅಷ್ಟೇ ಸಾಕಾಯಿತು ನಮಗೆ. ಅಂಗಡಿಯ ಬಾಗಿಲು ಹಾಕಿದೆವು. ಎರಡು ದಿನ ಮನೆ, ಅಂಗಡಿ ಎರಡನ್ನೂ ತಲೆಕೆಳಗು ಮಾಡಿದೆವು. ಪೆಟ್ಟಿಗೆ, ಕಪಾಟು, ಮಾದರಿ ಕಾಗದದ ಕಟ್ಟು, ಹಳೆಯ ಹೊಲಿಗೆ ಯಂತ್ರದ ಖಾನೆ, ಅಟ್ಟದ ಮೇಲಿನ ಗುಂಡಿ ಡಬ್ಬ. ಹನ್ನೊಂದು ಹಳೆಯ ಕತ್ತರಿ ಸಿಕ್ಕವು, ಯಾವುದು ಅಜ್ಜನದೆಂದು ಯಾರಿಗೆ ಗೊತ್ತು? ನಮ್ಮಪ್ಪನ ಶಾಲೆಯ ಅಂಕಪಟ್ಟಿ ಸಿಕ್ಕಿತು, ಅದನ್ನು ಅವನು ಬದುಕಿದ್ದಷ್ಟು ದಿನ ಯಾಕೆ ಬಚ್ಚಿಟ್ಟಿದ್ದ ಎಂಬುದು ನೋಡಿದ ಕೂಡಲೇ ತಿಳಿಯಿತು. ಫೋಟೋ ಮಾತ್ರ ಇಲ್ಲ. ಎರಡನೇ ದಿನ ಸಂಜೆ ಧೂಳು ಮೆತ್ತಿಕೊಂಡು ಮೂವರೂ ನೆಲದ ಮೇಲೆ ಕೂತಿದ್ದೆವು. ಕಾಜಾ ಮಾವ ಗೋಡೆಯ ಕಡೆ ನೋಡಿ, "ಏನಪ್ಪ ಗೋಣಿರಾಯ, ನೀನೇನಾದ್ರೂ ಕಂಡ್ಯಾ?" ಎಂದ. ಅಷ್ಟು ಸುಸ್ತಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಒಂಬತ್ತು ದಿನ ಸುದ್ದಿಯಿಲ್ಲ. ಅತ್ತೆ ಸೂಜಿಗೆ ದಾರ ಪೋಣಿಸಲು ಎಂಟು ಸಲ ತಡಕುವುದನ್ನು ನೋಡಿ ನೋಡಿ ನನಗೆ ಯಾರ ಮೇಲಾದರೂ ಹರಿಹಾಯಬೇಕು ಅನ್ನಿಸುತ್ತಿತ್ತು. ಹತ್ತನೇ ದಿನ ಗುಮಾಸ್ತನ ಫೋನು.

"ಮೇಡಂ, ಆ ಸರಬರಾಜು ದಳದ ಆಲ್ಬಂ ಒಂದು ಸಿಕ್ಕಿದೆ. ಬೇರೆ ವಿಭಾಗದ ಕಪಾಟಿನಲ್ಲಿ ಕೂತಿತ್ತು. ನಿಮ್ಮಜ್ಜ ಇದ್ದ ವರ್ಷದ್ದೇ ಒಂದು ಗುಂಪು ಫೋಟೋ ಇದೆ. ಬರ್ತೀರಾ?"

ಬರ್ತೀರಾ ಅಂತೆ! ಗಿರಾಕಿಯ ಪ್ಯಾಂಟನ್ನು ಯಂತ್ರದ ಸೂಜಿಯ ಕೆಳಗೇ ಬಿಟ್ಟು ಓಡಿದೆ. ಈ ಸಲ ಗುಂಡುಸೂಜಿಗಳನ್ನು ಕೇಳುವ ಮೊದಲೇ ತಟ್ಟೆಗೆ ಸುರಿದೆ.

ದೊಡ್ಡ ಫೋಟೋ. ಒಂದು ಗೋದಾಮಿನ ಮುಂದೆ ಮೂರು ಸಾಲಿನಲ್ಲಿ ಇಪ್ಪತ್ಮೂರು ಜನ. ಹಿಂದೆ ದಳದ ಹೆಸರು, ವರ್ಷ, ಅಷ್ಟೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ಬರೆದಿಲ್ಲ. ಒಬ್ಬೊಬ್ಬರ ಮುಖವೂ ಅಂಗಿಯ ಗುಂಡಿಯಷ್ಟು ಚಿಕ್ಕದು.

"ಈ ಇಪ್ಪತ್ಮೂರರಲ್ಲಿ ಒಬ್ಬರು ನಿಮ್ಮಜ್ಜ" ಎಂದ ಗುಮಾಸ್ತ. "ಯಾರು ಅಂತ ನಾನು ಹೇಳೋಕಾಗಲ್ಲ."

"ನಾನು ಹೇಳ್ತೀನಿ ಇರಿ" ಎಂದೆ.

ಭೂತಗನ್ನಡಿ ಹಿಡಿದು ಬಗ್ಗಿದೆ. ಮುಖ ನೋಡಿ ಏನು ಪ್ರಯೋಜನ, ನಾನೇನು ಅವನನ್ನು ಕಂಡಿದ್ದೆನೇ? ಕೋಟುಗಳನ್ನು ನೋಡಿದೆ. ಮೊದಲ ಸಾಲಿನ ದಪ್ಪನೆಯವನ ಕೋಟು ಮೈಗೆ ಅಂಟಿದಂತಿದೆ. ಪಕ್ಕದ ಸಣಕಲನದ್ದೂ ಹಾಗೆಯೇ. ಹಿಂದಿನ ಸಾಲಿನ ಎತ್ತರದವನ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿದೆ.

"ಸೈನ್ಯದಲ್ಲಿ ಅಳತೆ ತಗೊಂಡು ಕೋಟು ಹೊಲೀತಿದ್ರಾ?" ಎಂದು ಕೇಳಿದೆ.

ಗುಮಾಸ್ತ ನಕ್ಕ. "ಎಲ್ಲಿಯ ಅಳತೆ? ಮೂಟೆ ಬಿಚ್ಚಿ ಕೈಗೆ ಸಿಕ್ಕಿದ್ದು ಎಸೀತಿದ್ರು. ಬೇರೆ ದಳಗಳ ಫೋಟೋ ತೋರಿಸ್ಲಾ? ಅರ್ಧ ಜನ ಕೋಟಿನೊಳಗೆ ಕಳೆದುಹೋಗಿದ್ದಾರೆ."

"ಹಾಗಾದ್ರೆ ಇವ್ರದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲ್ದಿದ್ದಾರೆ! ಒಬ್ಬೊಬ್ಬರ ಮೈಗೂ! ನಮ್ಮಜ್ಜನೇ ಕಣ್ರೀ, ಇನ್ಯಾರು ಮಾಡ್ತಾರೆ?" ನನ್ನ ದನಿ ಮತ್ತೆ ಏರಿತು, ಕೋಣೆಯಲ್ಲಿದ್ದವರು ಮತ್ತೆ ತಲೆ ಎತ್ತಿದರು. ಎತ್ತಲಿ! ಎಂಬತ್ತು ವರ್ಷದ ಹಿಂದೆ ನಮ್ಮ ಮನೆಯ ಕೈ ಮಾಡಿದ ಕೆಲಸವನ್ನು ನಾನು ಕಣ್ಣಾರೆ ನೋಡುತ್ತಿದ್ದೆ.

ದರ್ಜಿ ಇವರಲ್ಲಿ ಒಬ್ಬ ಎಂದ ಮೇಲೆ ಅವನ ಕೋಟು ಎಲ್ಲರದ್ದಕ್ಕಿಂತ ಚೆನ್ನಾಗಿರಬೇಕು. ನಡುಸಾಲಿನ ಮಧ್ಯದಲ್ಲಿ ಒಬ್ಬ ನಿಂತಿದ್ದ, ಆಹಾ, ಏನು ಕೋಟು! ಎದೆ ತುಂಬಿ, ನಡು ಹಿಡಿದು, ಒಂದು ಸುಕ್ಕಿಲ್ಲ. ಮುಖವೂ ರಾಜಕಳೆ, ತಿರುಗಿಸಿದ ಮೀಸೆ. ಇವನೇ ನಮ್ಮಜ್ಜ, ಅನುಮಾನವೇ ಇಲ್ಲ. ತೀರಾ ಅಂಚಿನಲ್ಲಿ, ಕಂಬದ ನೆರಳಿನಲ್ಲಿ, ಕೋಟು ಜೋಲಾಡಿಸಿಕೊಂಡು ಒಬ್ಬ ಕುಳ್ಳ ಇದ್ದ. "ಇಲ್ಲೂ ಒಬ್ಬ ಗೋಣಿರಾಯ" ಎಂದು ನಗುತ್ತಾ ಭೂತಗನ್ನಡಿ ಎತ್ತಿದೆ. ಕೆಟ್ಟ ಕೋಟಿನ ಮೇಲೆ ನಮ್ಮ ಮನೆಯವರ ಕಣ್ಣು ನಿಲ್ಲುವುದಿಲ್ಲ, ಅಭ್ಯಾಸ.

ದೊಡ್ಡದಾಗಿ ಮುದ್ರಿಸಿದ ಪ್ರತಿಯನ್ನು ಎದೆಗವಚಿಕೊಂಡು ಮನೆಗೆ ಬಂದೆ. ಕಾಲು ನೆಲದ ಮೇಲಿರಲಿಲ್ಲ. "ಅತ್ತೇ! ನಿನ್ನಪ್ಪನ್ನ ಕರ್ಕೊಂಡು ಬಂದಿದ್ದೀನಿ!" ಎಂದು ಬೀದಿಯಿಂದಲೇ ಕೂಗಿದೆ. ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಕತ್ತರಿಸುವ ಮೇಜಿನ ಮೇಲೆ ಫೋಟೋ ಹರಡಿ, ಅವಳ ಬೆರಳನ್ನು ಹಿಡಿದು ಮೀಸೆಯವನ ಮೇಲಿಟ್ಟೆ.

ಅತ್ತೆ ಭೂತಗನ್ನಡಿ ತೆಗೆದುಕೊಂಡಳು, ತಲೆಯನ್ನು ಓರೆ ಮಾಡಿದಳು, ಇನ್ನೂ ಓರೆ ಮಾಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಎದೆ ಎಷ್ಟು ಅಂದೆ ಚೀಟಿಯಲ್ಲಿ?"

"ಮೂವತ್ಮೂರು."

"ಇವನ ಎದೆ ಮೂವತ್ಮೂರಾ? ಕಣ್ಣು ಹೋಗಿರೋದು ನಂದೋ ನಿಂದೋ? ನಲವತ್ತಕ್ಕೆ ಒಂದು ನೂಲು ಕಮ್ಮಿ ಇದ್ರೆ ನನ್ನ ಹೆಸರು ಬದಲಾಯಿಸು!"

ನೋಡಿದೆ. ನಲವತ್ತು. ಮೂವತ್ತು ವರ್ಷ ಅಳತೆ ತೆಗೆದವಳು ನಾನು, ಕೋಟಿನ ಚೆಂದಕ್ಕೆ ಮರುಳಾಗಿ ಮೈಯನ್ನೇ ನೋಡಿರಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು, ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. "ಹೋಗ್ಲಿ ಬಿಡು ಹಾಗಾದ್ರೆ, ನೀನೇ ಹುಡುಕ್ಕೋ!" ಎಂದು ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದೆ.

"ಕೂಗಾಡ್ಬೇಡ. ಚೀಟೀನ ಪೂರ್ತಿ ಓದು, ಮೊದಲಿಂದ. ಎಲ್ಲಾ."

ಓದಿದೆ. ಹೆಸರು, ಕಸುಬು, ಎತ್ತರ, ಎದೆ, ವಿಳಾಸ.

"ಹಿಂದ್ಗಡೆ?"

ಹಿಂದುಗಡೆಯನ್ನು ನಾನು ಓದಿಯೇ ಇರಲಿಲ್ಲ. ಬಾಗಿಲಿನ ವಿಳಾಸ ಸಿಕ್ಕ ಸಂಭ್ರಮದಲ್ಲಿ ಫೋಟೋ ತೆಗೆದು ಓಡಿಬಂದವಳು. ಬೆರಳಿನಿಂದ ಅಕ್ಷರ ದೊಡ್ಡದು ಮಾಡಿಕೊಂಡು ಓದತೊಡಗಿದೆ. "ಮೈಬಣ್ಣ ಗೋಧಿ. ಕಣ್ಣು ಕಪ್ಪು. ದೇಹದ ಮೇಲಿನ ಗುರುತು..."

"ಏನು ಗುರುತು?"

"ಎಡಗಿವಿಯ ಹಾಲೆ ಸೀಳಿದೆ."

ಕಾಜಾ ಮಾವನ ಸೂಜಿ ಕಾಜಾದೊಳಗೆ ಅರ್ಧಕ್ಕೆ ನಿಂತಿತು. ಅವನು ತಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿದ. ನಾನೂ ಎತ್ತಿದೆ. ಗೋಡೆಯ ಮೇಲೆ ಗೋಣಿರಾಯ ಎಂದಿನಂತೆ ನಮ್ಮನ್ನೇ ನೋಡುತ್ತಾ ನಿಂತಿದ್ದ, ಸೀಳಿದ ಕಿವಿ, ಜೋಲುವ ಭುಜ, ಬೆರಳು ನುಂಗಿದ ತೋಳು.

"ಏನಾಯ್ತು? ಯಾಕೆ ಸುಮ್ನಾದ್ರಿ? ಯಾರಾದ್ರೂ ಮಾತಾಡ್ರೋ!" ಎಂದಳು ಅತ್ತೆ.

ಗುಂಪು ಫೋಟೋದ ಅಂಚಿಗೆ ಭೂತಗನ್ನಡಿ ಒಯ್ದೆ. ಕಂಬದ ನೆರಳಿನ ಕುಳ್ಳ. ಅದೇ ಕೋಟು, ಅದೇ ಕಿವಿ, ಎದೆ ಮೂವತ್ಮೂರಕ್ಕೆ ಒಂದು ನೂಲು ಆಚೀಚೆ ಇಲ್ಲ. ಒಂದು ಕತ್ತರಿ, ಒಂದು ಕನ್ನಡಿ, ಒಂದು ಫೋಟೋ. ಎರಡು ದಿನ ಅವನ ಕಣ್ಣೆದುರೇ ಅವನ ಫೋಟೋ ಹುಡುಕಿದ್ದೆವಲ್ಲ! ಸ್ಟೂಲು ಹತ್ತಿ ಚೌಕಟ್ಟನ್ನು ಮೊಳೆಯಿಂದ ಇಳಿಸಿದೆ. ಕಾಜಾ ಮಾವ ಕೆಳಗಿನಿಂದ ಎರಡೂ ಕೈ ಚಾಚಿ ನಿಂತಿದ್ದ. ತಂದು ಅತ್ತೆಯ ತೊಡೆಯ ಮೇಲಿಟ್ಟೆ.

"ಅತ್ತೆ, ಗೋಣಿರಾಯ" ಎಂದೆ. "ಗೋಣಿರಾಯನೇ ನಿನ್ನಪ್ಪ."

ಅವಳು ಮೊದಲು ನನ್ನ ಕಡೆ ತಿರುಗಿದಳು, ಹುಡುಗಾಟವೋ ಎಂದು. ಆಮೇಲೆ ಚೌಕಟ್ಟನ್ನು ಎತ್ತಿ ಕೆನ್ನೆಯ ಪಕ್ಕಕ್ಕೆ ಹಿಡಿದು, ತಲೆ ಓರೆ ಮಾಡಿ, ಉಳಿದಿರುವ ಅಂಚಿನ ನೋಟದಲ್ಲಿ ನೋಡಿದಳು. ಕೋಟನ್ನಲ್ಲ, ಮುಖವನ್ನು. ಬಹಳ ಹೊತ್ತು ನೋಡಿದಳು. ನಾನೂ ಅವಳ ಭುಜದ ಮೇಲಿಂದ ಬಗ್ಗಿ ನೋಡಿದೆ. ಇಷ್ಟು ವರ್ಷ ಒಂಬತ್ತು ತಪ್ಪುಗಳನ್ನು ಎಣಿಸಿದ್ದೆವೇ ಹೊರತು, ಆ ಹುಡುಗನಂಥ ಮುಖ ತಡೆಯಲಾರದೆ ನಗುತ್ತಿದೆ ಎಂಬುದನ್ನು ನಮ್ಮಲ್ಲಿ ಒಬ್ಬರೂ ಕಂಡಿರಲಿಲ್ಲ. ಗಲ್ಲ ಅತ್ತೆಯದೇ. ತುಟಿ ನಮ್ಮಪ್ಪನದು.

"ದಿನಾ ಬೈದಿದ್ದೀನಲ್ಲೇ ಇವನ್ನ" ಎಂದಳು. "ಎಪ್ಪತ್ತೆಂಟು ವರ್ಷ, ಬಂದೋರಿಗೆಲ್ಲ ತೋರಿಸಿ ತೋರಿಸಿ ನಕ್ಕಿದ್ದೀನಲ್ಲೇ..."

ಕಾಜಾ ಮಾವ ಅವಳ ಕಾಲ ಬಳಿ ಕುಕ್ಕರಿಸಿದ. "ನಾನು ಕಿವಿ ಜೋಕು ಮಾಡಿದ್ದೀನಲ್ಲಕ್ಕ. ನನ್ನ ನಾಲಿಗೆ ಸೀಳ್ಬೇಕು" ಎಂದು ಹಣೆ ಚಚ್ಚಿಕೊಂಡ. ಅವನ ಅಂಗಿಯ ಮೇಲೆ ಎರಡು ಗುಂಡಿ ಇರಲಿಲ್ಲ. ಅತ್ತೆಗೆ ಅದು ಕಾಣದಿದ್ದರೂ ಕೈಗೆ ಸಿಕ್ಕಿತು. ಅವನ ಅಂಗಿಯ ಖಾಲಿ ಕಾಜಾವನ್ನು ಹಿಡಿದುಕೊಂಡು, ಅಳುತ್ತಿದ್ದವಳು ನಕ್ಕಳು.

"ನಾವೆಂಥ ದರ್ಜಿಗಳೇ! ಇದನ್ನ ನೋಡಿದ್ರೂ ಗೊತ್ತಾಗ್ಲಿಲ್ವಲ್ಲ ನಮ್ಗೆ. ಬೇರೆಯೋರ ಮದುವೆಗೆ ಹೊಲ್ದು ಹೊಲ್ದು, ನಮ್ಮನೆ ಮದುವೆ ದಿನ ನಾವು ಹಾಕ್ಕೊಂಡಿದ್ದು ಏನು? ಹಳೇದು. ಇಪ್ಪತ್ತೆರಡು ಜನರದ್ದು ಬಿಚ್ಚಿ ಹೊಲಿಯೋಷ್ಟ್ರಲ್ಲಿ ಫೋಟೋದವನು ಬಂದಿರ್ತಾನೆ. ಅಪ್ಪಂದು ಉಳ್ಕೊಂಡಿತು, ಅಷ್ಟೇ."

ಅಷ್ಟೇ! ಇಷ್ಟು ಸರಳ. ಆ ಮೂರು ಸಾಲಿನಲ್ಲಿ ದರ್ಜಿ ಯಾರೆಂದು ನಾನು ಹುಡುಕಿದ್ದು ಅತ್ಯಂತ ಚೆಂದದ ಕೋಟಿನಲ್ಲಿ. ನಮ್ಮ ಮನೆಯವಳಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ.

"ದೊಡ್ಡ ಮೇಸ್ತ್ರಿಗೆ ಗೊತ್ತಿತ್ತು" ಎಂದೆ. ನನಗೆ ಆ ಮುದುಕನ ಮೇಲೆ ಕೋಪ ಉಕ್ಕಿತು. "ರುಜು ಮಾಡಿ ತಗೊಂಡಿದ್ದಾರೆ. ಮಗನ್ನ ಗೋಡೆಗೆ ನೇತುಹಾಕಿ ಊರೋರೆಲ್ಲ ನಗೋ ಹಾಗೆ ಮಾಡಿದ್ರಲ್ಲ!"

"ಅವ್ನನ್ನ ಬೈಬೇಡ" ಎಂದಳು ಅತ್ತೆ, ಥಟ್ಟನೆ. "ಅದು ಶುರುವಾಗಿದ್ದು ನನ್ನಿಂದ. ಈಗ ನೆನಪಾಗ್ತಿದೆ. ನಂಗೆ ಆರು ವರ್ಷ. ಶಾಲೆಯಿಂದ ಬಂದೆ, ಗೋಡೆ ಮೇಲೆ ಹೊಸ ಫೋಟೋ. ಯಾರು ತಾತ ಇದು ಅಂದೆ. ತಾತ ಕತ್ತರಿ ಕೆಳಗಿಟ್ಟ. ಆಮೇಲೆ, ಆ ಕೋಟು ನೋಡು, ಎಷ್ಟು ತಪ್ಪಿದೆ ಹೇಳು ಅಂದ. ನಾನು ನಾಲ್ಕು ಹೇಳಿದೆ. ಎತ್ತಿ ತೊಡೆ ಮೇಲೆ ಕೂರಿಸ್ಕೊಂಡು ತಲೆ ಸವರಿದ, ಸವರ್ತಾನೇ ಇದ್ದ. ನಾಲ್ಕು ಹೇಳಿದ್ದಕ್ಕೆ ಮೆಚ್ಕೊಂಡ ಅಂತ ನಾನು ಹಿಗ್ಗಿದ್ದೆ." ಅವಳು ಗಾಜಿನ ಮೇಲೆ ಬೆರಳಾಡಿಸಿದಳು. "ಗುರುತು ಹಿಡಿದ ಹಳಬರೂ ತಾತನ ಮುಖ ನೋಡಿ ಬಾಯಿ ಮುಚ್ಕೊಂಡಿರ್ತಾರೆ. ಅಪ್ಪ ಯಾವಾಗ ಬರ್ತಾನೆ ಅಂತ ದಿನಾ ಕೇಳೋಳು ನಾನು. ಪಾಪ, ಅವನಾದ್ರೂ ಏನು ಹೇಳ್ತಾನೆ?"

ಗಾಜನ್ನು ತಾನೇ ಒರೆಸುತ್ತಿದ್ದುದು, ಸುಣ್ಣದ ದಿನ ಬೀದಿಯಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದುದು, ಎಲ್ಲವೂ ಒಟ್ಟಿಗೆ ನೆನಪಾಗಿ ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂವರೂ ಅತ್ತೆವು, ಮೂವರೂ ನಕ್ಕೆವು, ಪ್ಯಾಂಟು ಕೇಳಲು ಬಂದ ಗಿರಾಕಿ ಬಾಗಿಲಿನಿಂದಲೇ ಹಿಂದಿರುಗಿದ.

ಅತ್ತೆ ಮುಖ ತೊಳೆದು ಬಂದಳು. ಫೋಟೋವನ್ನು ಕತ್ತರಿಸುವ ಮೇಜಿನ ತಲೆಗೆ, ತನಗೆ ಕಾಣುವ ಬದಿಗೆ ಒರಗಿಸಿ ನಿಲ್ಲಿಸಿದಳು. ಕಪಾಟಿನಿಂದ ತಾನೇ ತಡಕಿ ಬಟ್ಟೆ ತೆಗೆದಳು, ಕೈಗೆ ದಪ್ಪ ಉಣ್ಣೆ ಸಿಗುವವರೆಗೆ ಒಂದೊಂದನ್ನೇ ಮುಟ್ಟಿ ನೋಡಿ. ಮೇಜಿನ ಮೇಲೆ ಹಾಸಿ ಅಂಗೈಯಿಂದ ಸುಕ್ಕು ಬಿಡಿಸಿದಳು.

"ಪುಸ್ತಕ ತಗೋ" ಎಂದಳು.

ಅಳತೆ ಪುಸ್ತಕ ಬಿಚ್ಚಿ ಪೆನ್ಸಿಲು ಹಿಡಿದೆ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಮೊದಲಿನ ದನಿಯಲ್ಲಿ ಕೂಗತೊಡಗಿದಳು.

"ಎದೆ ಮೂವತ್ಮೂರು. ಉದ್ದ ಇಪ್ಪತ್ತೇಳೂವರೆ. ಭುಜ ಹದಿನಾರು. ತೋಳು ಇಪ್ಪತ್ಮೂರು, ಬೆರಳು ಕಾಣ್ಬೇಕು. ಕಾಲರು ಕತ್ತಿಗೆ ಅಂಟಿರ್ಬೇಕು."

"ಯಾವತ್ತಿಗೆ?"

"ನಾಡಿದ್ದಿಗೆ. ಕಾಜಾ ಒಂದೂ ಸೊಟ್ಟ ಇರ್ಬಾರ್ದು, ಕೇಳಿಸ್ತೇನೋ?"

"ಕೇಳಿಸ್ತಕ್ಕ" ಎಂದ ಕಾಜಾ ಮಾವ, ಮೂಗೊರೆಸಿಕೊಳ್ಳುತ್ತಾ.

ಒಂದು ಖಾನೆ ಉಳಿದಿತ್ತು. ಅಭ್ಯಾಸಬಲದಿಂದ ಕೇಳಿಬಿಟ್ಟೆ, "ಯಾರದ್ದು?"

ಅತ್ತೆಯ ಕತ್ತರಿ ಬಟ್ಟೆಯ ಅಂಚಿನ ಹತ್ತಿರ ಕಾಯುತ್ತಿತ್ತು. ಅವಳು ತಲೆ ಓರೆ ಮಾಡಿ ಮೇಜಿನ ತುದಿಯಲ್ಲಿ ನಗುತ್ತಿದ್ದ ಮುಖವನ್ನು ಮತ್ತೊಮ್ಮೆ ನೋಡಿದಳು.

"ನಮ್ಮಪ್ಪಂದು!" ಎಂದಳು, ಇಡೀ ಅಂಗಡಿಗೆ ಕೇಳುವ ಹಾಗೆ.